ಕೊಳಕು ಕೊಳದ ಪ್ರಾಣವಾಯು

ಹೇಳಿದ ಕೆಲಸ ಹೇಳಿದ ಹಾಗೆ ನಡೆದದ್ದನ್ನು ಕಾನ್ವೆಂಟ್ ಬಿಟ್ಟ ಮೇಲೆ ನಾನು ಕಂಡಿಲ್ಲ. ಬ್ರಹ್ಮಾವರದ ಬಳಿ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದೆ. ಬಚ್ಚಲು, ಕಕ್ಕಸುಗಳ ನೀರೆಲ್ಲ ಹಿತ್ತಲಿನ ಕೊಳದಲ್ಲಿ ನಿಂತು, ಬಿಸಿಲು ಗಾಳಿಗೆ ಶುದ್ಧವಾಗಬೇಕು. ಆ ನೀರಿನಲ್ಲಿ ಆಮ್ಲಜನಕ ಸಾಕಷ್ಟು ಕರಗಿದೆ ಎಂದು ತೋರಿಸಿದರೆ ಮಾತ್ರ ಹೊಸ ಹೆರಿಗೆ ವಾರ್ಡಿಗೆ ಅನುಮತಿ. ಬಾಣಂತಿಯರು ಜಗಲಿಯಲ್ಲಿ ಮಲಗುತ್ತಿದ್ದರು. ರಸಾಯನಶಾಸ್ತ್ರ ಓದಿದವಳು ನಾನೊಬ್ಬಳೇ. ಪರೀಕ್ಷೆ ನನ್ನ ತಲೆಗೆ ಬಂತು.

೧

ಬಾಟ್ಲಿಯನ್ನು ಕೊಳದಲ್ಲೇ ಮುಳುಗಿಸಿ, ಗುಳ್ಳೆಯಿಲ್ಲದಂತೆ ತುಂಬಿ ತರಬೇಕು. ಮದ್ದು ಹಾಕಿದಾಗ ಕಂದು ಬಣ್ಣ ಬಂದರೆ ಆಮ್ಲಜನಕ ಇದೆ, ಬೆಳ್ಳಗಾದರೆ ಇಲ್ಲ.

ಆಸ್ಪತ್ರೆಯ ತೋಟದವನು ತಂದ ಗಬ್ಬು ನೀರು ಗಾಢ ಕಂದಾಯಿತು. ನನಗೆ ಅನುಮಾನ. ಮರುದಿನ ಅವನ ಹಿಂದೆಯೇ ಹೋದೆ. ಮೊದಲು ಬೊಂಬಾಯಿಯ ಹೋಟೆಲಿನಲ್ಲಿ ಕಾಫಿ ಮಾಡುತ್ತಿದ್ದ ಮಹಾಶಯ, ಎರಡು ಚೊಂಬು ಹಿಡಿದು ಕೊಳದ ನೀರನ್ನು ಮಾರುದ್ದ ಎತ್ತಿ ಸುರಿಯುತ್ತಿದ್ದ! ಗಾಳಿಯೆಲ್ಲ ನೀರಿಗೆ!

"ಏನಿದು?"

"ಬಿಸ್ಲಿಗೆ ಕಾದಿತ್ತ್ ಅಮ್ಮ. ಆರ್‌ಸಿ ಕೊಡುವ ಅಂದೇಳಿ."

೨

ಪರೀಕ್ಷೆಯ ಕೊನೆಗೆ ಬಣ್ಣ ಗುರುತಿಸಲು ಬಾಟ್ಲಿಗೆ ಒಂದು ಚಮಚ ತಿಳಿಗಂಜಿ ಬೇಕು. ಅಡುಗೆಯವಳಿಗೆ ಹೇಳಿದೆ. ಉಪ್ಪು ಹಾಕಿ, ಮಿಡಿ ಉಪ್ಪಿನಕಾಯಿ ಸಮೇತ ತಂದಳು! ಮಧ್ಯಾಹ್ನದೊಳಗೆ ಇಡೀ ಆಸ್ಪತ್ರೆ ನನ್ನ ಕಾಯಿಲೆ ವಿಚಾರಿಸಿತು.

"ಗಂಜಿ ನನಗಲ್ಲ, ಬಚ್ಚಲ ನೀರಿಗೆ!" ಎಂದು ಗದರಿದೆ.

ಅವಳು ಆಯಾಳ ಕಿವಿಯಲ್ಲಿ ಹೇಳಿದಳು: "ಜ್ವರ ತಲಿಗೇರಿತ್ ಕಾಣ್!"

೩

ನಾನೇ ನಿಂತು ಕೊಳದ ಹೂಳು ತೆಗೆಸಿದ್ದೆ. ಜಿಲ್ಲೆಯ ಅಧಿಕಾರಿ ಬಂದರು. ಹೊಳೆಯುವ ಬೂಟು, ಕೊಳದ ಕಡೆ ಸುಳಿಯಲಿಲ್ಲ. ಜಗಲಿಯಲ್ಲಿ ಕೂತು ತೋಟದವನಿಗೆ ಬಾಟ್ಲಿ ಕೊಟ್ಟರು. ಅವನು ಒಂದು ಗುಳ್ಳೆಯೂ ಇಲ್ಲದೆ ತುಂಬಿ ತಂದ. ಮದ್ದು ಹಾಕಿದರು. ಒಳ್ಳೆಯ ಕಂದು!

"ಭೇಷ್, ಮೇಟ್ರನ್!" ಎಂದು ಅಧಿಕಾರಿ ಪೆನ್ನು ತೆಗೆದರು.

ಅಷ್ಟರಲ್ಲಿ ಅಡುಗೆಯವಳು ಬಂದವರಿಗೆಂದು ಬೆಲ್ಲ, ನೀರು ತಂದಿಟ್ಟಳು. ಅಧಿಕಾರಿ ಲೋಟ ಎತ್ತಿ ಬೆಳಕಿಗೆ ಹಿಡಿದರು. "ಇದು ಎಲ್ಲಿಯ ನೀರು?"

ತೋಟದವನಿಗೆ ಅವಮಾನವಾಯಿತು. "ಹ್ವಾಯ್, ಬಾವಿ ನೀರೇ ಮಾರಾಯ್ರೆ! ನಿಮ್ಮ ಬಾಟ್ಲಿಗ್ ಹಾಕಿದ್ದೂ ಇದೇ! ಬಾಗಿಲಿಗೆ ಬಂದವ್ರಿಗೆ ಆ ಕೊಳ್ಕ್ ನೀರ್ ಕೊಡೂಕಾತ್ತಾ?"

ಪೆನ್ನಿನ ಮುಚ್ಚಳ ಮುಚ್ಚಿಕೊಂಡಿತು.

ನಾನು ಇನ್ನೊಂದು ಬಾಟ್ಲಿ ಎತ್ತಿಕೊಂಡು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲೇ ಕೊಳದ ಕೆಸರಿಗೆ ಮಂಡಿಯೂರಿದೆ. ಅಧಿಕಾರಿ ಬೂಟಿನ ಸಮೇತ ಹಿಂದೆ ಬರಲೇಬೇಕಾಯಿತು. ಅವರ ಕಣ್ಣೆದುರೇ ನೀರು ತುಂಬಿ ಮದ್ದು ಹಾಕಿದೆ. ತುಸು ತೆಳು, ಆದರೆ ಕಂದೇ.

ಸಹಿ ಬಿತ್ತು, ವಾರ್ಡು ಬಂತು. ಅಧಿಕಾರಿ ಬೆಲ್ಲ ತಿಂದರು. ನೀರು ಮಾತ್ರ ಮುಟ್ಟಲಿಲ್ಲ.