ರೇಶ್ಮೆ ಸಾಹೇಬರೇ, ನನ್ನ ಚಿತ್ರವನ್ನೂ ಕದಿಯಿರಿ

ಆಳಂದ, ಜನವರಿ ೧೯೮೭

ಜಪಾನಿ ಚಿತ್ರಕಥೆಯ ನಿವಾಸಿಗಳೂ, ಗುಂಗುರು ಕೂದಲಿನವರೂ, ಚಿತ್ರಚೋರ ಶಿಖಾಮಣಿಗಳೂ ಆದ ಮಾನ್ಯ ರೇಶ್ಮೆ ಸಾಹೇಬರಿಗೆ, ನಿವೃತ್ತ ಡ್ರಾಯಿಂಗ್ ಮಾಸ್ತರ ಚಂದ್ರಾಮಪ್ಪನ ಶರಣು ಶರಣಾರ್ಥಿ.

ಮಾನ್ಯರೇ, ತಮ್ಮ ನಿಜನಾಮಧೇಯ ಓದಲು ಬಾರದ್ದರಿಂದ, ಅಂಗಿಯ ಮಿರುಗು ನೋಡಿ ಈ ಹೆಸರನ್ನು ನಾನೇ ಇಟ್ಟೆ. ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ತಮ್ಮ ಪುಸ್ತಕ ಸಿಕ್ಕಂದಿನಿಂದ ಒಂದು ವರ್ಷ ನಾನು ತಮ್ಮ ಭಕ್ತನಾಗಿದ್ದೆ. ಅಕ್ಷರ ತಿಳಿಯದಿದ್ದರೇನು, ಚಿತ್ರಗಳಿದ್ದವಲ್ಲ! ಎಡಗಡೆಯಿಂದ ಪುಟ ತಿರುವುತ್ತ ಹೋದರೆ, ತಾವು ಕಂಕುಳಲ್ಲಿ ಚಿತ್ರ ಹಿಡಿದು ಬರುತ್ತಿದ್ದಿರಿ, ವಸ್ತುಸಂಗ್ರಹಾಲಯದ ಖಾಲಿ ಗೋಡೆಗೆ ಅದನ್ನು ತೂಗುಹಾಕುತ್ತಿದ್ದಿರಿ, ಹಗ್ಗ ಹಿಡಿದು ಬೆಳಕಿಂಡಿಯಿಂದ ಮಾಯವಾಗುತ್ತಿದ್ದಿರಿ. ಮೊದಲು ಪಿಸ್ತೂಲು ಹಿಡಿದು ಕುಣಿದ, ತಮ್ಮ ಬೆನ್ನು ಹತ್ತಿದ ಸಿಡುಕು ಮೋರೆಯ ಗೂಢಚಾರ ಅಧಿಕಾರಿ ಕೊನೆಗೆ ತಣ್ಣಗೆ ಕಾಫಿ ಕುಡಿಯುತ್ತಿದ್ದ. ಆಹಾ, ಇದು ಕಲೆಯ ದಾಸೋಹ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಹೋದ ವಾರ ಉರ್ದು ಶಾಲೆಯ ಶಿಕ್ಷಕಿ ಕರೀಮುನ್ನಿಸಾ ಅವರು ಆ ಪುಸ್ತಕವನ್ನು ಕೈಗೆತ್ತಿಕೊಂಡು, ಅವರ ರೂಢಿಯಂತೆ ನಮ್ಮ ಕೊನೆಯ ಪುಟವನ್ನೇ ಮೊದಲ ಪುಟವೆಂದು ತೆರೆದು, ನಕ್ಕು ನಕ್ಕು ಸುಸ್ತಾದರು. "ಮಾಸ್ತರ, ಇದು ನಮ್ಮ ಉರ್ದುದಂಗ ಬಲಗಡಿಂದ ಓದೂ ಪುಸ್ತಕ ಐತ್ರಿ. ಇಂವ ಚಿತ್ರ ತಂದು ಹಚ್ಚಾಕತ್ತಿಲ್ರಿ, ಕಿತ್ಕೊಂಡು ಹೊಂಟಾನ್ರಿ!" ನನ್ನ ಮುಖ ಎಲ್ಲಿಡಲಿ, ಸಾಹೇಬರೇ? ದಾನಶೂರರೆಂದು ನಾನು ಹಾಡಿ ಹೊಗಳಿದ ತಾವು ಶುದ್ಧ ಕಳ್ಳರಾಗಿಬಿಟ್ಟಿರಿ.

ಸಿಟ್ಟು ಬಂತು, ನಿಜ. ಆದರೆ ಪುಸ್ತಕವನ್ನು ಬಲಗಡೆಯಿಂದ ಮತ್ತೊಮ್ಮೆ ನೋಡಿದಾಗ ತಮ್ಮ ದೊಡ್ಡಸ್ತಿಕೆ ತಿಳಿಯಿತು. ತಾವು ಕೈ ಹಾಕಿದರೆ ಸಾಕು, ಅದುವರೆಗೆ ಯಾರೂ ಕಣ್ಣೆತ್ತಿ ನೋಡದ ಚಿತ್ರಕ್ಕಾಗಿ ಮೂರು ದೇಶದ ಗೂಢಚಾರರು ಓಡಾಡುತ್ತಾರೆ. ಸೊನ್ನ ಊರಿನ ಭೀಮಾ ನದಿಯ ದಂಡೆಯನ್ನು ನಾನು ಎರಡು ವರ್ಷ ಕೂತು ಜಲವರ್ಣದಲ್ಲಿ ಬರೆದು, ಇಲ್ಲಿನ ಒಂದು ಕಚೇರಿಗೆ ಕಾಣಿಕೆ ಕೊಟ್ಟಿದ್ದೇನೆ. ಹನ್ನೊಂದು ವರ್ಷದಿಂದ ಅದು ನೀರಿನ ಕೊಡದ ಮೇಲೆ ತೂಗುತ್ತಿದೆ. ಅದರ ಮೊಳೆಗೇ ಕ್ಯಾಲೆಂಡರನ್ನೂ ನೇತುಹಾಕಿದ್ದಾರೆ. ಇದನ್ನು ಬರೆದವರು ಯಾರೆಂದು ಇದುವರೆಗೆ ಒಂದು ನರಪಿಳ್ಳೆಯೂ ಕೇಳಿಲ್ಲ, ಹೊಟ್ಟೆ ಉರಿಯುತ್ತದೆ.

ಆದ್ದರಿಂದ ತಾವು ದಯಮಾಡಿ ಬಂದು ಅದನ್ನು ಕದಿಯಬೇಕು. ಸೊಲ್ಲಾಪುರದಿಂದ ನೇರ ಬಸ್ಸಿದೆ. ಕಿಟಕಿಯ ಚಿಲಕ ಮುರಿದಿದೆ, ಕಾವಲುಗಾರ ಮಲ್ಕಪ್ಪ ಊಟವಾದ ಮೇಲೆ ಎರಡು ತಾಸು ಗೊರಕೆ ಹೊಡೆಯುತ್ತಾನೆ. ಆ ಅಧಿಕಾರಿ ತಮ್ಮನ್ನು ಭೂಸನೂರದವರೆಗಾದರೂ ಬೆನ್ನಟ್ಟಲಿ, ಅಲ್ಲಿ ಕಬ್ಬಿನ ಗಾಡಿಗಳ ಸಾಲಿನಲ್ಲಿ ತಪ್ಪಿಸಿಕೊಳ್ಳುವುದು ಸುಲಭ. ಆಗ ಪೊಲೀಸರು ಪಂಚನಾಮೆಯಲ್ಲಿ 'ಚಂದ್ರಾಮಪ್ಪ ಬರೆದ ಚಿತ್ರ' ಎಂದು ಬರೆಯಲೇಬೇಕು. ನನಗೆ ಆ ಒಂದು ಸಾಲು ಸಾಕು.

ಇನ್ನೂ ಸಿಟ್ಟಿಳಿಯದ, ಆದರೂ ದಾರಿ ಕಾಯುವ
ತಮ್ಮ ವಿಶ್ವಾಸಿ,
ಚಂದ್ರಾಮಪ್ಪ

ತಾ. ಕ.: ಪತ್ರ ಟಪಾಲಿಗೆ ಹಾಕುವ ಮೊದಲೇ ಕಚೇರಿಯಲ್ಲಿ ಕಳ್ಳತನವಾಗಿದೆ. ಪಂಚನಾಮೆಯನ್ನು ನಾನೇ ಹೋಗಿ ಓದಿದೆ: 'ಸಾಗವಾನಿ ಚೌಕಟ್ಟು ಒಂದು, ಗಾಜು ಒಂದು.' ಚಿತ್ರವನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲೆ ಬಿಟ್ಟುಹೋಗಿದ್ದಾರೆ. ಇದು ನಮ್ಮೂರ ಕಳ್ಳನ ಕೆಲಸವಾಗಿದ್ದರೆ ಕ್ಷಮಿಸಿಬಿಡುತ್ತೇನೆ, ಅವನಿಗೆ ಕಲೆ ತಿಳಿಯದು. ತಮ್ಮದಾಗಿದ್ದರೆ ಮಾತ್ರ, ಸಾಹೇಬರೇ, ನನಗೆ ತಿಳಿಸಬೇಡಿ.