ಮೂವತ್ತೆರಡು ಬಿಟ್, ಅರವತ್ನಾಲ್ಕು ಬಿಟ್

ಕಂಪ್ಯೂಟರ್ ರಿಪೇರಿ ಮಾಡುವವನ ಬೆನ್ನನ್ನು ಗೊಂದಲ ಬಿಡುವುದಿಲ್ಲ, ಹೆಣ್ಣು ನೋಡಲು ಹೋದರೂ. ನಾನು ಗೋವಾದ ಮಡಗಾಂವಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಮೂವತ್ತೆರಡು ಬಿಟ್ಟಿನ ಹಳೆಯ ಕಂಪ್ಯೂಟರುಗಳು ಹೋಗಿ ಅರವತ್ನಾಲ್ಕರ ಹೊಸವು ಬರುತ್ತಿದ್ದ ಕಾಲ. ಕುಂಕಳ್ಳಿಯ ಕಾರ್ಖಾನೆಯೊಂದಕ್ಕೂ ಅಂಥದೊಂದು ಕೊಟ್ಟೆವು. ಅಲ್ಲಿಯ ಹೆಡ್ ಕ್ಲರ್ಕ್ ಧಾರವಾಡದವರು. ಪರ್ವರಿಯಲ್ಲಿದ್ದ ತಮ್ಮ ಅಕ್ಕನ ಮಗಳನ್ನು ನನಗೆ ತೋರಿಸುವುದಾಗಿ ಹೇಳಿದ್ದರು. ಫೋಟೋ ನೋಡಿಯೇ ನಾನು ಸೋತಿದ್ದೆ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ.

ಲೆಕ್ಕ

ಹೊಸ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಇಡಲು ಎರಡು ಫೋಲ್ಡರು. ಒಂದು ಬರೀ ಪ್ರೋಗ್ರಾಮ್ ಫೈಲ್ಸ್; ಇನ್ನೊಂದರದೂ ಅದೇ ಹೆಸರು, ಆದರೆ ಬಾಲಕ್ಕೆ ಎಂಬತ್ತಾರು ಎಂಬ ಅಂಕಿ. ಹೊಸ ಅರವತ್ನಾಲ್ಕರದ್ದು ಬರೀದರಲ್ಲಿ, ಹಳೆಯ ಮೂವತ್ತೆರಡರದ್ದು ಎಂಬತ್ತಾರರಲ್ಲಿ ಎಂದು ಹೆಡ್ ಕ್ಲರ್ಕರಿಗೆ ಹೇಳಿದೆ.

"ಸಣ್ಣದು ಎಂಬತ್ತಾರರಾಗ, ದೊಡ್ಡದಕ್ಕ ನಂಬರ್ರ ಇಲ್ಲ. ನೀವು ಗಣಿತದಾಗ ಪಾಸ್ ಆಗೀರಿ ಹೌದಲ್ರಿ?"

ಪರ್ವರಿಗೆ ವರದಿ ಹೋದೀತೆಂದು ಹೆದರಿ, ಮರುದಿನ ಮಾರ್ಕ್ಸ್‌ಕಾರ್ಡ್ ಒಯ್ದು ತೋರಿಸಿದೆ.

ಕೂಡು ಕುಟುಂಬ

ವಾರದೊಳಗೆ ಹಳೆಯ ಸಾಫ್ಟ್‌ವೇರ್ ಒಂದೂ ತೆರೆಯುತ್ತಿಲ್ಲವೆಂದು ಫೋನು. ಬಸ್ಸು ಹಿಡಿದು ಹೋಗಿ ನೋಡಿದರೆ ಎಂಬತ್ತಾರು ಖಾಲಿ. ಅದರಲ್ಲಿದ್ದುದನ್ನೆಲ್ಲ ಎತ್ತಿ ಬರೀದರೊಳಗೆ ಸುರಿದಿದ್ದರು. ಯಾಕ್ರೀ ಎಂದೆ.

"ಅಣ್ಣತಮ್ಮಂದ್ರು ಒಂದ ಮನ್ಯಾಗ ಇರ್ಲಿ ಅಂತ ಮಾಡಿದ್ನಿರಿ. ಅವಕ್ಕ ಮಾತುಕತಿ ಇಲ್ಲ ಅಂತ ನೀವು ಮೊದಲ ಹೇಳಬೇಕಿತ್ತು."

ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಅಣ್ಣತಮ್ಮಂದಿರನ್ನು ಮತ್ತೆ ಬೇರೆ ಹಾಕಿ ಬಂದೆ.

ಹೆಣ್ಣು ನೋಡಿದ್ದು

ಭಾನುವಾರ ಪರ್ವರಿ. ಕೈಯಲ್ಲಿ ಉಪ್ಪಿಟ್ಟಿನ ತಾಟು, ಎದುರಿಗೆ ಹುಡುಗಿಯ ಅಪ್ಪ, ಬಾಗಿಲ ಬಳಿ ಹುಡುಗಿ. ಬರಬೇಕಿದ್ದ ಹೆಡ್ ಕ್ಲರ್ಕ್ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಸಿಕ್ಕಿಬಿದ್ದು ನನಗೆ ಫೋನು ಮಾಡಿದರು. ಸಂಬಂಧ ತಂದವರೇ ಅವರು, ಎತ್ತದೆ ಇರಲಾದೀತೇ? ಕಾರ್ಖಾನೆಯ ಗದ್ದಲದಲ್ಲಿ ಕೇಳಿಸಲೆಂದು ಜೋರಾಗಿಯೇ ಹೇಳಿದೆ.

"ಮೂವತ್ತೆರಡು ಬಿಟ್, ಅರವತ್ನಾಕು ಬಿಟ್, ಎರಡೂ ನಡೀತಾವ್ರಿ. ಹೊಸಾದು ಬಂತಂತ ಹಳೇದು ತಗೀಬ್ಯಾಡ್ರಿ. ಬ್ಯಾರೆ ಬ್ಯಾರೆ ಕಡೆ ಇಟ್ರ ಒಂದರ ಸುದ್ದಿ ಒಂದಕ್ಕ ಹತ್ತೂದಿಲ್ಲ."

ಹುಡುಗಿಯ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು.

"ಮೂವತ್ತೆರಡು ಬಿಟ್ಟು, ಅರವತ್ನಾಕು ಬಿಟ್ಟು ಇಲ್ಲಿಗೆ ಬಂದೀರಿ. ನಮ್ಮ ಹುಡುಗೀನ್ನ ಎಲ್ಲಿ ಇಡಾವ್ರು?"

ಅದೇ ಹೊತ್ತಿಗೆ ಫೋನಿನಲ್ಲಿ ಹೆಡ್ ಕ್ಲರ್ಕೂ ಇದನ್ನೆಲ್ಲಿ ಇಡಲಿ ಎಂದು ಕೇಳಿದರು. ಯಾರಿಗೆ ಉತ್ತರ ಕೊಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ.

"ಎಂಬತ್ತಾರರಾಗ್ರಿ. ಅಲ್ಲಿ ಹಳೇವೂ ಅದಾವ."

ಹುಡುಗಿಯ ಅಪ್ಪ ಎದ್ದು ನಿಂತರು. ಕೂಡಿಬಂದ ಸಂಬಂಧ ಕೈಬಿಟ್ಟುಹೋಯಿತೆಂದು ನನಗೆ ಅಳುವೇ ಬಂತು. ಆಗ ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿಯೇ. ತನ್ನ ಆಫೀಸಿನಲ್ಲೂ ಅಂಥದೇ ಕಂಪ್ಯೂಟರ್ ಇದೆಯೆಂದೂ, ಇವರು ಬಿಟ್ಟಿದ್ದು ಹುಡುಗಿಯರನ್ನಲ್ಲವೆಂದೂ ಅಪ್ಪನನ್ನು ಕೂರಿಸಿ ತಿಳಿಸಿ ಹೇಳಿದಳು.

ಮದುವೆಯಾದ ಮೇಲೂ ಆಕೆ ಅದನ್ನು ಮರೆತಿಲ್ಲ. ಈಗಲೂ ನನ್ನ ಕನ್ನಡಕ ಎಲ್ಲಿ, ಅಂಗಿ ಎಲ್ಲಿ ಎಂದು ಕೇಳಿದರೆ ಅಡುಗೆಮನೆಯಿಂದ ಒಂದೇ ಉತ್ತರ: "ಎಂಬತ್ತಾರರಾಗ ನೋಡ್ರಿ."