ಮಾವ ಹೊಲಿದ ಹನ್ನೊಂದು ಪ್ಯಾಂಟು

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಅರ್ಧಕ್ಕೇ ಎದ್ದು ಬಂದವನನ್ನು ನಮ್ಮ ಸೋದರಮಾವ ಕೈಹಿಡಿದು ಕರೆದೊಯ್ದು ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಗೆ ಸೇರಿಸಿದರು. ಆದ್ದರಿಂದ ಈ ಬರಹದಲ್ಲಿ ವ್ಯಾಕರಣ ತಪ್ಪಿದ್ದರೆ ಅದು ನನ್ನದಲ್ಲ, ಅವರದು!

ನಮ್ಮ ಮಾವನಿಗೆ ಸ್ವಲ್ಪ ಹುಚ್ಚು ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹೇಗೆ ಹೇಳುತ್ತಾರೆ? ಎಲ್ಲರೂ ಹಾಕಿಕೊಂಡಿರುವುದು ಅವರು ಕತ್ತರಿಸಿದ ಪ್ಯಾಂಟನ್ನೇ! ಅರವತ್ತಾರು ವರ್ಷದ ಕಟಿಂಗ್ ಮಾಸ್ಟರ್ ಅವರು. ಬಟ್ಟೆಯನ್ನು ಹತ್ತಾರು ಪದರ ಹಾಸಿಕೊಟ್ಟರೂ ಸೀಮೆಸುಣ್ಣದ ಗೆರೆಯಿಂದ ಒಂದು ನೂಲೂ ಆಚೀಚೆ ಹೋಗುವುದಿಲ್ಲ. ಅಂಥ ಕೈ ನಮ್ಮ ಕಡೆ ಇನ್ನೊಂದಿಲ್ಲ. ಇನ್ನು ಅವರ ಸೈಕಲ್ಲು. ಅದಕ್ಕೆ ಗೇರಿಲ್ಲ. ಡೈನಮೋ ಇದೆ, ಚೈನ್ ಕವರ್ ಇದೆ, ಕ್ಯಾರಿಯರ್ ಇದೆ, ಕ್ಯಾರಿಯರಿನ ಮೇಲೆ ಮೊಳದುದ್ದದ ಕತ್ತರಿಯೂ ಇದೆ!

"ಸೈಕಲ್ ಪ್ರವಾಸಕ್ಕ ಕತ್ತರಿ ಯಾಕ್ರಿ ಮಾವಾ?" ಎಂದು ಕೇಳಿದೆ.

"ಸಿಪಾಯಿ ಬಂದೂಕು ಮನ್ಯಾಗಿಟ್ಟು ಹೋಗ್ತಾನೇನಲೇ ಅಳಿಯಾ?" ಎಂದರು.

ಪ್ರವಾಸ ಎಂದೆನಲ್ಲ, ಅದನ್ನು ಹೇಳಬೇಕು. ನಮ್ಮೂರಿನಲ್ಲಿ ಬೆಳಿಗ್ಗೆ ಸೈಕಲ್ ತುಳಿಯುವ ಹನ್ನೊಂದು ಜನರ ಒಂದು ಗುಂಪಿದೆ. ರಿಟೈರಾದ ಡ್ರಿಲ್ ಮೇಷ್ಟ್ರು ನಮ್ಮ ಮುಖಂಡರು. ಹೋದ ಜನವರಿಯಲ್ಲಿ ರಾಯದುರ್ಗದಿಂದ ಮಡಕಶಿರಕ್ಕೆ ಹೋಗಿ ಬರುವುದು, ಒಟ್ಟು ನಾಲ್ಕು ದಿನ ಎಂದು ನಿಶ್ಚಯವಾಯಿತು. ಬ್ಯಾಗುಗಳಿಗೆ ಮತ್ತು ಸುಸ್ತಾದವರಿಗೆ ಹಿಂದೆ ಒಂದು ಲಗೇಜ್ ಆಟೋ.

ಹೊರಡುವ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮತ್ತೆ ಬಂದರು. ಆರತಿ ಎತ್ತಲು ಅಲ್ಲ! ಹಿಂದಿನ ವರ್ಷ ಮಾವ ರೈಲ್ವೆ ಗೇಟಿನ ಹತ್ತಿರ ಸೈಕಲ್ಲಿನಿಂದ ಬಿದ್ದು ಒಂದು ತಿಂಗಳು ಕೈ ಕಟ್ಟಿಕೊಂಡು ಕೂತಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಎಲ್ಲಾರ ಮುಂದ ಹೇಳಾಕತ್ತೀನಿ. ದಾರ್ಯಾಗ ಒಂದ್ಸಲ ಆ ಆಟೋ ಹತ್ತಿದ್ರಿ ಅಂದ್ರ, ಬಂದ ದಿನಾನ ಸೈಕಲ್ ಗುಜರಿಗೆ!"

"ಆತು," ಎಂದರು ಮಾವ.

ಅತ್ತೆ ಅಷ್ಟಕ್ಕೇ ಬಿಡುವವರಲ್ಲ. ಆಟೋದವನ ಕಡೆ ತಿರುಗಿ, "ಹತ್ತಿದ್ರ ಫೋಟೋ ತೆಗೆದು ಕಳಸಬೇಕಪ್ಪಾ," ಎಂದು ತಮ್ಮ ನಂಬರು ಕೊಟ್ಟು ಹೋದರು.

ಮಾವ ಈ ಪ್ರವಾಸಕ್ಕೆಂದು ಹನ್ನೊಂದು ಜೀನ್ಸ್ ಪ್ಯಾಂಟು ಹೊಲಿದು ತಂದಿದ್ದರು, ಪುಕ್ಕಟೆಯಾಗಿ. ಸೈಕಲ್ ತುಳಿಯುವವರು ಹಾಕುವ ಮೈಗಂಟಿದ ಚಡ್ಡಿ ಕಂಡರೆ ಅವರಿಗಾಗದು. "ಅತ್ಲಾಗ ಲಂಗೋಟಿನೂ ಅಲ್ಲ, ಇತ್ಲಾಗ ಪ್ಯಾಂಟೂ ಅಲ್ಲ. ರಾಯದುರ್ಗದವರು ಜೀನ್ಸ್ ಬಿಟ್ಟು ಅದನ್ನ ಹಾಕ್ಕೊಂಡು ಹೋದ್ರ ಕಂಡೋರು ಏನಂದಾರು?" ಎಂದರು. ಎಲ್ಲರೂ ಜೀನ್ಸ್ ಹಾಕಿದರು.

ಮೊದಲ ದಿನ ಭೈರವಾನಿತಿಪ್ಪದ ಡ್ಯಾಮು ನೋಡಿಕೊಂಡು ಕಲ್ಯಾಣದುರ್ಗ ಸೇರಿದೆವು. ಸೈಕಲ್ ಇಳಿದ ಒಬ್ಬೊಬ್ಬರ ನಡಿಗೆಯೂ ಬದಲಾಗಿತ್ತು. ಡ್ರಿಲ್ ಮೇಷ್ಟ್ರಂತೂ ಎರಡು ಕಾಲಿನ ನಡುವೆ ಕೊಡ ಇಟ್ಟುಕೊಂಡವರ ಹಾಗೆ ನಡೆಯುತ್ತಿದ್ದರು. ಅಭ್ಯಾಸ ತಪ್ಪಿದ ಮೈ ಎಂದುಕೊಂಡು ಮಲಗಿದೆವು. ನನಗೆ ಮಾತ್ರ ಏನೂ ಆಗಿರಲಿಲ್ಲ. ನನ್ನ ಮೈಯ ಬಗ್ಗೆ ನನಗೆ ಹೆಮ್ಮೆಯಾಯಿತು ಎಂದು ಮುಚ್ಚಿಡದೆ ಹೇಳುತ್ತೇನೆ.

ಎರಡನೇ ದಿನವೇ ಅಸಲಿ ದಿನ. ಅಂದು ಕತ್ತಲಾಗುವುದರೊಳಗೆ ಮಡಕಶಿರ ಮುಟ್ಟಬೇಕು. ಆದರೆ ಮಾವನನ್ನು ಮುಂದಕ್ಕೆ ಸಾಗಿಸುವುದು ಹೇಗೆ? ಬೇಲಿಯ ಮೇಲೆ ಜೀನ್ಸ್ ಪ್ಯಾಂಟು ಒಣಗಿಹಾಕಿದ್ದು ಕಂಡರೆ ಸಾಕು, ಇಳಿದು ಹೋಗಿ ಹಿಂದಿನ ಜೇಬು ಪರೀಕ್ಷಿಸುತ್ತಾರೆ. ಜೇಬಿನ ಓರೆ ನೋಡಿಯೇ ತಾವು ಕತ್ತರಿಸಿದ್ದೋ ಅಲ್ಲವೋ ಹೇಳಬಲ್ಲರು. ಕುಂದುರ್ಪಿಗೆ ಮುಂಚೆ ಒಬ್ಬ ಕುರಿ ಕಾಯುವ ಯಜಮಾನ ಹಳೆಯ ಜೀನ್ಸ್ ತೊಟ್ಟು ದಾರಿ ದಾಟುತ್ತಿದ್ದ. ಮಾವ ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಅವನ ಹಿಂದೆಯೇ ಹೊರಟರು. ಅವನು ಬಲಕ್ಕೆ ತಿರುಗಿದರೆ ಇವರೂ ಬಲಕ್ಕೆ, ಎಡಕ್ಕೆ ತಿರುಗಿದರೆ ಇವರೂ ಎಡಕ್ಕೆ!

"ಯಾಕಪ್ಪಾ, ನನ್ ಹಿಂದ್ಗಡೆ ಏನೈತೆ ಅಂತ ಹಂಗ್ ನೋಡ್ತೀಯ?" ಎಂದ ಯಜಮಾನ.

"ಜೇಬು ನೋಡಾಕತ್ತೀನ್ರಿ."

"ಜೇಬ್ನಾಗೆ ಒಂದು ಬೀಡಿನೂ ಇಲ್ಲ ಕಣಪ್ಪೋ!"

"ಬೀಡಿ ಬ್ಯಾಡ್ರಿ. ಈ ಪ್ಯಾಂಟು ನಂದ್ರಿ."

ಯಜಮಾನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡ. ನಾನು ಓಡಿಹೋಗಿ, 'ನಂದು' ಎಂದರೆ ಮಾವ ಕತ್ತರಿಸಿದ್ದು ಎಂದು ಅರ್ಥ ಎಂದು ಬಿಡಿಸಿ ಹೇಳಿದ ಮೇಲೆ ಅವನು ನಕ್ಕು, "ನಾಕು ವರ್ಷಾಯ್ತು, ಒಂದು ಎಳೆ ಬಿಟ್ಟಿಲ್ಲ ಕಣಯ್ಯ," ಎಂದ. ಮಾವನ ಮುಖ ನೋಡಬೇಕಿತ್ತು! ಯಾವ ಸರ್ಕಾರ ಕರೆದು ಶಾಲು ಹೊದಿಸಿದರೂ ಆ ಕಳೆ ಬರುವುದಿಲ್ಲ.

ಆ ಕಳೆ ಕುಂದುರ್ಪಿಯವರೆಗೂ ಉಳಿಯಲಿಲ್ಲ. ಅಲ್ಲಿ ಬೇವಿನಮರದ ಕೆಳಗೆ ನಮ್ಮವರು ಒಂಬತ್ತು ಜನವೂ ನಿಂತಿದ್ದರು. ಕಟ್ಟೆ ಇದ್ದರೂ ಯಾರೂ ಕೂತಿರಲಿಲ್ಲ! ಕೊನೆಗೆ ಮೆಡಿಕಲ್ ಶಾಪಿನ ಶೆಟ್ಟರು ಧೈರ್ಯ ಮಾಡಿದರು. "ಮಾಸ್ಟ್ರೇ, ತಪ್ಪು ತಿಳೀಬ್ಯಾಡ್ರಿ. ನನ್ನ ಹತ್ರ ಇದ್ದ ಮುಲಾಮು ಎಲ್ಲಾ ಖಾಲಿ ಆತು. ಪ್ಯಾಂಟು ಕೊಯ್ಯಾಕತ್ತೈತ್ರಿ."

ಜೀನ್ಸಿನಲ್ಲಿ ಎರಡು ಕಾಲಿನ ಹೊಲಿಗೆಯೂ ಮುಂದಿನ ಹಿಂದಿನ ಹೊಲಿಗೆಯೂ ಬಂದು ಕೂಡುವ ಒಂದು ಜಾಗವಿದೆ. ಪ್ಯಾಂಟು ಮೊದಲು ಹರಿಯುವುದು ಅಲ್ಲೇ. ಸೈಕಲ್ ತುಳಿಯುವವರದು ಹರಿಯಬಾರದೆಂದು ಮಾವ ಅಲ್ಲಿ ಎರಡು ಸಾಲಿನ ಬದಲು ನಾಲ್ಕು ಸಾಲು ಹೊಲಿದು, ಮೇಲೊಂದು ದಪ್ಪ ತುಂಡನ್ನೂ ಕೊಟ್ಟಿದ್ದರು. ಹುಣಸೆಬೀಜ ಇಟ್ಟು ಹೊಲಿದಂಥ ಗಂಟು! ಸೀಟಿನ ಮೇಲೆ ಕೂತರೆ ಆ ಗಂಟು ಎಲ್ಲಿಗೆ ಬರುತ್ತದೆ ಎಂದು ನಾನು ಬಿಡಿಸಿ ಬರೆಯಬೇಕೇ?

ಒಬ್ಬೊಬ್ಬರಿಗೆ ಇದ್ದದ್ದು ಒಂದೊಂದೇ ಪ್ಯಾಂಟು, ಅದೂ ಮೈಮೇಲೆ. ಮಾವ ಎರಡೂ ಕೈ ಜೋಡಿಸಿದರು. "ತಪ್ಪಾತ್ರಪ್ಪಾ. ಬಿಚ್ರಿ," ಎಂದರು. ಎಂಥೆಂಥ ಮಾಲೀಕರ ಮುಂದೆಯೂ ಬಾಗದ ಮನುಷ್ಯ!

ಎದುರಿನ ಜಗಲಿಯಲ್ಲಿ ಒಬ್ಬಾಕೆ ರವಿಕೆ ಹೊಲಿಯುತ್ತಿದ್ದಳು. ಮಾವ ಅವಳ ಮಷೀನು ಬೇಡಿ ಕೂತರು. ಒಂಬತ್ತು ಜನ ಟವೆಲು ಸುತ್ತಿಕೊಂಡು ಸಾಲಾಗಿ ನಿಂತದ್ದನ್ನು ಕಂಡು ಆಕೆ, "ಏಮಣ್ಣಾ, ಅಂದರೂ ಪ್ಯಾಂಟ್ಲು ಇಪ್ಪೇಸಿನಾರಾ!" ಎಂದು ತೆಲುಗಿನಲ್ಲಿ, ಎಲ್ಲರೂ ಪ್ಯಾಂಟು ಬಿಚ್ಚಿಬಿಟ್ಟಿರಾ ಎಂದು ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಬಿಚ್ಚಲಿಲ್ಲ.

"ನನಗೇನೂ ಆಗಿಲ್ಲ ಮಾವಾ. ದುಡಿದ ಮೈ ಇದು. ಓದಿದೋರ ಚರ್ಮ ಮೆತ್ತಗ, ಅದಕ್ಕ ಹಿಂಗ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದೆ. ಮಾವ ಕನ್ನಡಕದ ಮೇಲಿಂದ ಒಮ್ಮೆ ನೋಡಿ ತಲೆ ತಗ್ಗಿಸಿದರು.

ಮೂರು ತಾಸಿನಲ್ಲಿ ಒಂಬತ್ತೂ ಮುಗಿದವು. ಗಂಟು ಬಿಚ್ಚಿ, ದಪ್ಪ ತುಂಡು ತೆಗೆದು, ಹೊಲಿಗೆಯನ್ನು ಚಪ್ಪಟೆ ಮಾಡಿ ಕೊಟ್ಟರು. ನಮ್ಮವರು ಹಾಯಾಗಿ ಹಾರಿಹೋದರು. ಕೊನೆಗೆ ಉಳಿದದ್ದು ಮಾವ, ನಾನು, ಹಿಂದೆ ಲಗೇಜ್ ಆಟೋ.

ಮಡಕಶಿರ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಮಾವ ಸೀಟು ಬಿಟ್ಟು ಪೆಡಲಿನ ಮೇಲೆ ನಿಂತು ತುಳಿಯತೊಡಗಿದರು. ಆಮೇಲೆ ಇಳಿದೇಬಿಟ್ಟರು.

"ಏನಾತ್ರಿ ಮಾವಾ?"

"ಏನಿಲ್ಲ. ಹುಣಸಿಮರ ಚಂದ ಐತಿ ಅಂತ ನೋಡಾಕತ್ತೀನಿ."

ನಾನು ನೋಡಿದ್ದು ಅವರ ಪ್ಯಾಂಟನ್ನು. ಒಳತೊಡೆಯ ನೀಲಿ ರಕ್ತಕ್ಕೆ ಒದ್ದೆಯಾಗಿ ಕಪ್ಪಾಗಿತ್ತು. "ನಿಮ್ಮದನ್ನ ಬಿಚ್ಚಿ ಹೊಲೀಲಿಲ್ಲೇನ್ರಿ?"

"ಹೊತ್ತಾಗಿತ್ತಲ್ಲಲೇ. ಎಲ್ಲಾರೂ ನಿಂತಿದ್ರು."

ಆಟೋದವನು ಇಳಿದು ಬಂದ. "ಹತ್ರಿ ಮಾಸ್ಟ್ರೇ. ಫೋಟೋ ತೆಗಿಯಂಗಿಲ್ಲ, ಆಣಿ."

"ನೀ ತೆಗೀದಿದ್ರ ನಾನ ಹೇಳ್ತೀನಿ. ಅಕಿ ಮುಂದ ಸುಳ್ಳು ಹೇಳಾಕ ಬರಂಗಿಲ್ಲ ನನಗ," ಎಂದರು ಮಾವ. ಹ್ಯಾಂಡಲ್ ಸವರುತ್ತ ನನಗೆ ಹೇಳಿದರು: "ಗುಜರಿಗೆ ಹಾಕೂ ಮುಂದ ಬೆಲ್ಲು ಬಿಚ್ಚಿ ಇಟಗೋ. ನಿನ್ನ ಹುಡುಗ್ಯಾರಿಗೆ ಆಗ್ತೈತಿ."

"ಬಿಚ್ರಿ ಪ್ಯಾಂಟು!" ಎಂದೆ. ಜನ್ಮದಲ್ಲಿ ಮೊದಲ ಸಲ ಅವರಿಗೆ ಗದರಿದ್ದು.

ಹುಣಸೆಮರದ ಹಿಂದೆ ಅದಲುಬದಲು ಮಾಡಿಕೊಳ್ಳಲು ನನ್ನ ಪ್ಯಾಂಟು ಕಳಚಿದೆ. ಕಳಚುವಾಗ ಒಳಗು ಹೊರಗಾಯಿತು. ಗಂಟು ಇರಬೇಕಾದಲ್ಲಿ ಗಂಟೇ ಇಲ್ಲ! ತೊಡೆಯುದ್ದಕ್ಕೂ ಹಾಲಿನಂಥ ಹಳೆಯ ಬಟ್ಟೆಯ ಎರಡು ಪದರ, ಅಂಚಿಗೆ ಹಸಿರು ಪಟ್ಟಿ. ಮಾವ ಹಬ್ಬಕ್ಕೆ ಉಡುವ ಪಂಚೆ.

"ಎಲ್ಲಾದಕ್ಕೂ ಹಾಕಬೇಕಂತ ಕತ್ತರಿಸಾಕ ಹತ್ತಿದ್ದೆ," ಎಂದರು ಮಾವ, ಮರದ ಕಡೆ ನೋಡುತ್ತ. "ನಿಮ್ಮತ್ತಿ ನೋಡಿ ಕಸಗೊಂಡ್ಲು. ಒಂದಕ್ಕ ಆತು."

"ಆ ಒಂದನ್ನ ನಿಮ್ಮದಕ್ಕ ಹಾಕ್ಕೋಬಾರದಿತ್ತೇನ್ರಿ?"

"ನಾನು ನಿಂತು ದುಡಿದಾವ. ನೀನು ಮೂವತ್ತು ವರ್ಷ ಕಟ್ಟಿಗಿ ಸ್ಟೂಲಿನ ಮ್ಯಾಲ ಕುಂತು ದುಡಿದಾವ. ಮೆತ್ತಂದು ಯಾರಿಗೆ ಬೇಕು, ನೀನ ಹೇಳು."

ಪ್ಯಾಂಟನ್ನು ಮತ್ತೆ ನೆಟ್ಟಗೆ ಮಾಡಿ ಅವರ ಕೈಗೆ ಕೊಟ್ಟೆ.

ನನ್ನ ಪ್ಯಾಂಟು ಮಾವನಿಗೆ ಎರಡು ಸುತ್ತು ದೊಡ್ಡದು, ಸುತಳಿ ಕಟ್ಟಿದೆವು. ಅವರದು ನನ್ನ ಮೊಣಕಾಲು ದಾಟಿ ಮೇಲೆ ಬಂದರೂ ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ಹಾಗೆ ಸೈಕಲ್ ತುಳಿಯಲಾಗುತ್ತದೆಯೇ? ದುಡಿದ ಮೈಯವನಾದ ನಾನು ಲಗೇಜ್ ಆಟೋ ಹತ್ತಿ, ಬ್ಯಾಗುಗಳ ಮೇಲೆ ಬೋರಲು ಮಲಗಿದೆ. ಆಟೋದವನು ಫೋಟೋ ತೆಗೆದು ಕಳಿಸಿಯೂಬಿಟ್ಟ. ಕೂಡಲೇ ಅತ್ತೆಯ ಫೋನು: "ಇವ ಅಳಿಯ ಅಲ್ಲೇನು? ಹಂಗಾರ ಇವನ ಸೈಕಲ್ ಹಾಕ್ರಿ ಗುಜರಿಗೆ!"

ಮುಂದೆ ಮಾವ ಹೋಗುತ್ತಿದ್ದರು. ಸೀಟಿನ ಮೇಲೆ ನೆಟ್ಟಗೆ ಕೂತು, ನಿಧಾನವಾಗಿ, ರಸ್ತೆಯ ಎಡಬದಿ ಹಿಡಿದು. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಮಡಕಶಿರ ಬರುವವರೆಗೂ ನಾನು ಅವರ ಬೆನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಈಗ ನನಗೆ ಸ್ವಂತದ ಹದಿನಾಲ್ಕು ಮಷೀನುಗಳಿವೆ. ಒಂದು ಮನೆ. ಇಬ್ಬರು ಹೆಣ್ಣುಮಕ್ಕಳು. ಒಂದು ಸೈಕಲ್ಲು. ಅಂಥ ಮಾವ ಮಾತ್ರ ನನಗೆ ಇರುವುದು ಒಬ್ಬರೇ.